ಕಿಡ್ನಿಯ ನೀರುಗುಳ್ಳೆ: ಒಂದೇ ಹೆಸರು, ಬೇರೆ ಬೇರೆ ವಂಶವಾಹಿಗಳು

ಪಾಲಿಸಿಸ್ಟಿಕ್ ಕಿಡ್ನಿ ಕಾಯಿಲೆ ಎಂಬ ಹೆಸರು ಒಂದಕ್ಕೊಂದು ಸಂಬಂಧವೇ ಇಲ್ಲವೆನ್ನಿಸುವ ಎರಡು ಸನ್ನಿವೇಶಗಳಲ್ಲಿ ಸ್ಕ್ಯಾನಿಂಗ್ ವರದಿಯ ಮೇಲೆ ಕಾಣಿಸಿಕೊಳ್ಳುತ್ತದೆ. ನಲವತ್ತರ ಆಸುಪಾಸಿನಲ್ಲಿರುವವರೊಬ್ಬರು ಬಿಪಿ ಏರಿದೆಯೆಂದೋ ಪಕ್ಕೆ ನೋಯುತ್ತದೆಯೆಂದೋ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದಾಗ ಎರಡೂ ಕಿಡ್ನಿಗಳ ತುಂಬ ದ್ರಾಕ್ಷಿ ಗೊಂಚಲಿನಂತೆ ನೀರುಗುಳ್ಳೆಗಳು ಕಾಣುತ್ತವೆ. ಇನ್ನೊಂದು ಕಡೆ, ಗರ್ಭಿಣಿಯ ಸ್ಕ್ಯಾನಿಂಗ್‌ನಲ್ಲಿ ಮಗುವಿನ ಕಿಡ್ನಿಗಳೆರಡೂ ಊದಿಕೊಂಡು ಬೆಳ್ಳಗೆ ತೋರುತ್ತವೆ, ಮಗುವಿನ ಸುತ್ತಲಿನ ಗರ್ಭಜಲ ಬತ್ತುತ್ತ ಬಂದಿರುತ್ತದೆ. ಮೊದಲನೆಯ ಮನೆಯಲ್ಲಿ ತಂದೆ ಅಥವಾ ತಾಯಿ ಇದೇ ಕಾಯಿಲೆಯಿಂದ ನರಳಿರುವುದು ಸಾಮಾನ್ಯ; ಎರಡನೆಯ ಮನೆಯಲ್ಲಿ ತಂದೆತಾಯಿ ಇಬ್ಬರಿಗೂ ಏನೂ ಆಗಿರುವುದಿಲ್ಲ. ಈ ಎರಡನ್ನು ಬೇರ್ಪಡಿಸಿ ನೋಡುವುದನ್ನು ವೈದ್ಯಶಾಸ್ತ್ರ ಕಲಿತದ್ದು ನಿಧಾನವಾಗಿ, ಮತ್ತು ಆ ಕಲಿಕೆಯ ದಾರಿಯನ್ನು ತಿಳಿದರೆ ಮಾತ್ರ ಇಂದಿನ ವಂಶವಾಹಿ ಪರೀಕ್ಷೆಯ ವರದಿ ಏನು ಹೇಳುತ್ತಿದೆ ಎಂಬುದು ಅರ್ಥವಾಗುತ್ತದೆ.

ಕಾಯಿಲೆ ಹಳೆಯದು. ಪೋಲೆಂಡಿನ ದೊರೆ ಸ್ಟೀಫನ್ ಬಾತೊರಿ 1586ರಲ್ಲಿ ತೀರಿಕೊಂಡಾಗ ದೇಹವನ್ನು ತೆರೆದು ನೋಡಿದವರು, ಕಿಡ್ನಿಗಳು ಎತ್ತಿನ ಕಿಡ್ನಿಯಷ್ಟು ದೊಡ್ಡದಾಗಿ ಉಬ್ಬುತಗ್ಗಾಗಿದ್ದವೆಂದು ಬರೆದಿಟ್ಟಿದ್ದಾರೆ. ಅದನ್ನು ಓದಿದ ನಂತರದ ವೈದ್ಯರು ಇದೇ ಕಾಯಿಲೆ ಇದ್ದಿರಬಹುದೆಂದು ಊಹಿಸಿದ್ದಾರೆ. ಫ್ರಾನ್ಸಿನ ಪಿಯೆರ್ ರಾಯೆ 1841ರಲ್ಲಿ ಇಂಥ ಕಿಡ್ನಿಗಳನ್ನು ವಿವರಿಸಿದ, 1888ರಲ್ಲಿ ಫೆಲಿಕ್ಸ್ ಲಜಾರ್ ತನ್ನ ಪ್ರಬಂಧದಲ್ಲಿ ಪಾಲಿಸಿಸ್ಟಿಕ್ ಕಿಡ್ನಿ ಎಂಬ ಹೆಸರನ್ನು ಬಳಸಿದ. ಆದರೆ ಇವರೆಲ್ಲ ಕಂಡದ್ದು ಒಬ್ಬೊಬ್ಬ ರೋಗಿಯನ್ನು. ಮನೆತನವನ್ನು ಕಂಡವನು ಡೆನ್ಮಾರ್ಕಿನ ಓವೆ ಡಾಲ್ಗಾರ್ಡ್. 284 ರೋಗಿಗಳನ್ನೂ ಅವರ ಬಂಧುಗಳನ್ನೂ ಹಿಂಬಾಲಿಸಿ 1957ರಲ್ಲಿ ಅವನು ಪ್ರಕಟಿಸಿದ ಅಧ್ಯಯನವು, ಕಾಯಿಲೆ ತಲೆಮಾರು ಬಿಡದೆ ಇಳಿಯುತ್ತದೆ, ಗಂಡು ಹೆಣ್ಣೆಂಬ ಭೇದವಿಲ್ಲದೆ ಬರುತ್ತದೆ ಎಂಬುದನ್ನು ಗಟ್ಟಿಯಾಗಿ ತೋರಿಸಿತು. ವಂಶವಾಹಿಯೊಂದನ್ನೂ ನೋಡದೆ, ಬರೀ ವಂಶವೃಕ್ಷಗಳನ್ನು ತಾಳ್ಮೆಯಿಂದ ಬರೆದುಕೊಂಡು ಮಾಡಿದ ಈ ಕೆಲಸದ ಬಗ್ಗೆ ನನಗೆ ಅಪಾರ ಗೌರವವಿದೆ.

ಆಮೇಲೂ ಬಹುಕಾಲ ಈ ಕಾಯಿಲೆಗಳನ್ನು ವಯಸ್ಸಿನ ಹೆಸರಿನಲ್ಲಿ ಕರೆಯುತ್ತಿದ್ದರು: ಒಂದು ವಯಸ್ಕರದು, ಇನ್ನೊಂದು ಶಿಶುಗಳದು. ಈ ಹೆಸರುಗಳು ದಾರಿ ತಪ್ಪಿಸುತ್ತಿದ್ದವು. ವಯಸ್ಕರ ಕಾಯಿಲೆಯೆನ್ನಿಸಿಕೊಂಡದ್ದು ಅಪರೂಪಕ್ಕೆ ಗರ್ಭದಲ್ಲೇ ಕಾಣಿಸಿಕೊಳ್ಳುತ್ತದೆ; ಶಿಶುಗಳ ಕಾಯಿಲೆಯೆನ್ನಿಸಿಕೊಂಡದ್ದು ಹದಿಹರೆಯದವರೆಗೆ ಸುಮ್ಮನಿದ್ದು, ಆಮೇಲೆ ಯಕೃತ್ತು ಗಡುಸಾಗಿ ರಕ್ತವಾಂತಿಯ ರೂಪದಲ್ಲಿ ಮೊದಲ ಸಲ ಹೊರಬೀಳುವುದೂ ಉಂಟು. ಆದ್ದರಿಂದ ವಯಸ್ಸನ್ನು ಬಿಟ್ಟು ಕಾಯಿಲೆ ಇಳಿಯುವ ಬಗೆಯನ್ನೇ ಹೆಸರಾಗಿ ಹಿಡಿಯಬೇಕಾಯಿತು. ಒಂದು ಪ್ರಬಲ ರೂಪ, ಇನ್ನೊಂದು ದುರ್ಬಲ ರೂಪ. ಇಲ್ಲಿ ದುರ್ಬಲವೆಂದರೆ ಕಾಯಿಲೆ ಸೌಮ್ಯವೆಂದಲ್ಲ, ವಂಶವಾಹಿಯ ಎರಡೂ ಪ್ರತಿಗಳು ಕೆಟ್ಟಿದ್ದರೆ ಮಾತ್ರ ಅದು ಪ್ರಕಟವಾಗುತ್ತದೆ ಎಂದರ್ಥ. ಕಾಯಿಲೆಯ ಉಗ್ರತೆಯಲ್ಲಿ ದುರ್ಬಲ ರೂಪವೇ ಹೆಚ್ಚಿನದು. ಗರ್ಭಜಲವಿಲ್ಲದೆ ಶ್ವಾಸಕೋಶ ಬೆಳೆಯದ ಕೆಲವು ಮಕ್ಕಳು ಹುಟ್ಟಿದ ಕೆಲವೇ ದಿನಗಳಲ್ಲಿ ಉಸಿರಾಡಲಾರದೆ ಸಾಯುತ್ತವೆ.

ಪ್ರಬಲ ರೂಪದಲ್ಲಿ ತಂದೆ ಅಥವಾ ತಾಯಿ ಒಬ್ಬರಿಗೆ ಕಾಯಿಲೆಯಿದ್ದರೆ ಪ್ರತಿಯೊಂದು ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ಮೊದಲ ಮಗುವಿಗೆ ಬಂದಿತೆಂದು ಎರಡನೆಯದು ಪಾರಾಗುವುದಿಲ್ಲ; ಲೆಕ್ಕ ಪ್ರತಿ ಸಲವೂ ಹೊಸದು. ದುರ್ಬಲ ರೂಪದಲ್ಲಿ ತಂದೆತಾಯಿ ಇಬ್ಬರೂ ತಲಾ ಒಂದು ಕೆಟ್ಟ ಪ್ರತಿಯನ್ನು ಹೊತ್ತಿರುತ್ತಾರೆ, ಅವರಿಗೆ ಕಾಯಿಲೆಯಿರುವುದಿಲ್ಲ, ಅವರ ಪ್ರತಿ ಮಗುವಿಗೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಸುಮಾರು 20,000 ಶಿಶುಗಳಲ್ಲಿ ಒಂದಕ್ಕೆ ಬರುವ ಈ ಅಪರೂಪದ ಕಾಯಿಲೆಯ ದೋಷವನ್ನು ತಿಳಿಯದೆ ಹೊತ್ತವರು ಸುಮಾರು 70ರಲ್ಲಿ ಒಬ್ಬರು. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ರೂಢಿ ಇನ್ನೂ ಉಳಿದಿರುವ ನಮ್ಮ ಕರ್ನಾಟಕದಲ್ಲಿ ಈ ಲೆಕ್ಕಕ್ಕೆ ವಿಶೇಷ ತೂಕವಿದೆ, ಏಕೆಂದರೆ ಒಬ್ಬರೇ ಹಿರಿಯರಿಂದ ಬಂದ ಒಂದೇ ದೋಷ ಗಂಡ ಹೆಂಡತಿ ಇಬ್ಬರಲ್ಲೂ ಇರುವ ಸಂಭವ ಅಂಥ ಮದುವೆಗಳಲ್ಲಿ ಹೆಚ್ಚು. ಪ್ರಬಲ ರೂಪಕ್ಕೂ ಸಂಬಂಧದೊಳಗಿನ ಮದುವೆಗೂ ಹೀಗೆ ನಂಟಿಲ್ಲ. ಎರಡನ್ನೂ ಕಲಸಿ, ಕಾಯಿಲೆಯುಳ್ಳ ಮಗು ಹುಟ್ಟಿದ ಮೇಲೆ ಸೊಸೆಯ ತವರನ್ನು ದೂರುವುದು ತಪ್ಪು ಮಾತ್ರವಲ್ಲ, ಅನ್ಯಾಯ ಕೂಡ. ದುರ್ಬಲ ರೂಪದಲ್ಲಿ ದೋಷ ಎರಡೂ ಕಡೆಯಿಂದ ಬಂದಿರುತ್ತದೆ.

ಪ್ರಬಲ ರೂಪದ ವಂಶವಾಹಿ ಎಲ್ಲಿದೆ ಎಂಬ ಸುಳಿವು ಸಿಕ್ಕಿದ್ದು 1985ರಲ್ಲಿ. ಸ್ಟೀಫನ್ ರೀಡರ್ಸ್ ಮತ್ತು ಆಕ್ಸ್‌ಫರ್ಡಿನ ಸಂಗಡಿಗರು, ಹೀಮೋಗ್ಲೋಬಿನ್‌ನ ಒಂದು ಭಾಗವನ್ನು ರೂಪಿಸುವ ಆಲ್ಫಾ ಗ್ಲೋಬಿನ್ ವಂಶವಾಹಿಯ ಹತ್ತಿರದ ಗುರುತೊಂದು ಈ ಕಾಯಿಲೆಯ ಜೊತೆಜೊತೆಗೇ ಇಳಿಯುವುದನ್ನು ಕಂಡರು. ಅಂದರೆ ದೋಷ 16ನೆಯ ವರ್ಣತಂತುವಿನಲ್ಲಿತ್ತು. ಮೂರೇ ವರ್ಷದಲ್ಲಿ ಇದಕ್ಕೆ ಹೊಂದದ ಮನೆತನಗಳು ಸಿಕ್ಕವು. ಕಾಯಿಲೆ ಅದೇ, ಗುಳ್ಳೆಗಳು ಅವೇ, ಆದರೆ ದೋಷ ಆ ವರ್ಣತಂತುವಿನಲ್ಲಿರಲಿಲ್ಲ. 1993ರಲ್ಲಿ ಅದು 4ನೆಯ ವರ್ಣತಂತುವಿನಲ್ಲಿ ಪತ್ತೆಯಾಯಿತು. ಒಂದೆಂದುಕೊಂಡಿದ್ದ ಪ್ರಬಲ ರೂಪವೂ ಹೀಗೆ ಎರಡಾಯಿತು.

16ನೆಯ ವರ್ಣತಂತುವಿನಲ್ಲಿ ನಿಖರವಾದ ಜಾಗ ಗೊತ್ತಾದದ್ದು ಒಂದು ಪೋರ್ಚುಗೀಸ್ ಕುಟುಂಬದಿಂದ. ಆ ಮನೆಯ ತಾಯಿ ಮತ್ತು ಮಗಳಲ್ಲಿ 16 ಮತ್ತು 22ನೆಯ ವರ್ಣತಂತುಗಳು ತುಂಡಾಗಿ ಪರಸ್ಪರ ಅದಲುಬದಲಾಗಿ ಕೂಡಿಕೊಂಡಿದ್ದವು. ಇಬ್ಬರಿಗೂ ಕಿಡ್ನಿಯ ನೀರುಗುಳ್ಳೆಯಿತ್ತು. ಮಗನಿಗೆ 16ರ ತುದಿಯೇ ಕಳೆದುಹೋಗಿ ಟ್ಯೂಬರಸ್ ಸ್ಕ್ಲೀರೋಸಿಸ್ ಎಂಬ ಇನ್ನೊಂದು ಕಾಯಿಲೆ ಬಂದಿತ್ತು. ತಾಯಿ ಮಗಳಲ್ಲಿ ವರ್ಣತಂತು ತುಂಡಾದ ಜಾಗದಲ್ಲೇ ಪಿಕೆಡಿ1 ವಂಶವಾಹಿ ಇದ್ದಿತು. ಯುರೋಪಿನ ಸಂಶೋಧಕರ ಒಕ್ಕೂಟ 1994ರಲ್ಲಿ ಇದನ್ನು ಪ್ರಕಟಿಸಿತು. ಆದರೆ ಅದನ್ನು ಓದುವುದು ಸುಲಭವಾಗಲಿಲ್ಲ: ಈ ವಂಶವಾಹಿಯ ದೊಡ್ಡ ಭಾಗವನ್ನು ಹೆಚ್ಚುಕಡಿಮೆ ಹಾಗೆಯೇ ಹೋಲುವ ಆರು ನಿರುಪಯೋಗಿ ಪ್ರತಿಗಳು ಅದೇ ವರ್ಣತಂತುವಿನಲ್ಲಿವೆ, ಮತ್ತು ಪರೀಕ್ಷೆ ನಿಜವಾದದ್ದನ್ನು ಬಿಟ್ಟು ಇವುಗಳನ್ನು ಓದಿಬಿಡುವ ಅಪಾಯ ಇಂದಿಗೂ ಇದೆ. 4ನೆಯ ವರ್ಣತಂತುವಿನ ಪಿಕೆಡಿ2 1996ರಲ್ಲಿ ಸಿಕ್ಕಿತು. ದುರ್ಬಲ ರೂಪದ ಪಿಕೆಎಚ್‌ಡಿ1, 6ನೆಯ ವರ್ಣತಂತುವಿನದು, 2002ರಲ್ಲಿ.

ರೋಗಿಗಳಿಗೆ ಈ ಪತ್ತೆಯ ನೇರ ಪ್ರಯೋಜನವೆಂದರೆ ಹೋಲಿಕೆ ಸಾಧ್ಯವಾದದ್ದು. ಪ್ರಬಲ ರೂಪದವರಲ್ಲಿ ಸುಮಾರು ಮುಕ್ಕಾಲು ಪಾಲು ಜನರದು ಪಿಕೆಡಿ1 ದೋಷ, ಸುಮಾರು ಶೇ 15ರಷ್ಟು ಜನರದು ಪಿಕೆಡಿ2. ಕಿಡ್ನಿ ಪೂರ್ತಿ ಕೈಕೊಡುವ ಅಥವಾ ಸಾವು ಬರುವ ಮಧ್ಯಂಕ ವಯಸ್ಸು, ಅಂದರೆ ಅರ್ಧದಷ್ಟು ಜನರಿಗೆ ಹಾಗಾಗಿರುವ ಹೊತ್ತಿನ ವಯಸ್ಸು, ಪಿಕೆಡಿ1ರಲ್ಲಿ 53, ಪಿಕೆಡಿ2ರಲ್ಲಿ 69 ಎಂದು 1999ರ ಯುರೋಪಿಯನ್ ಅಧ್ಯಯನ ತೋರಿಸಿತು. 2013ರಲ್ಲಿ ಫ್ರಾನ್ಸಿನ ಅಧ್ಯಯನ ಇನ್ನಷ್ಟು ಒಳಹೊಕ್ಕಿತು: ಪಿಕೆಡಿ1ರಲ್ಲೇ ಪ್ರೋಟೀನು ಅರ್ಧಕ್ಕೆ ಕತ್ತರಿಸಿಹೋಗುವಂಥ ದೋಷವಿದ್ದರೆ ಕಿಡ್ನಿ ಕೈಕೊಡುವ ಮಧ್ಯಂಕ ವಯಸ್ಸು 55, ಪ್ರೋಟೀನು ಪೂರ್ತಿ ತಯಾರಾಗಿ ಒಂದಿಷ್ಟು ಮಾತ್ರ ಕೆಟ್ಟಿದ್ದರೆ 67, ಪಿಕೆಡಿ2ರಲ್ಲಿ 79. ಎರಡು ಮನೆತನಗಳ ನಡುವೆ ಇಪ್ಪತ್ತನಾಲ್ಕು ವರ್ಷಗಳ ಅಂತರ, ಡಯಾಲಿಸಿಸ್ ಇಲ್ಲದ ಇಪ್ಪತ್ತನಾಲ್ಕು ವರ್ಷ! ನಿಮಗೂ ಪಕ್ಕದ ಹಾಸಿಗೆಯವರಿಗೂ ಒಂದೇ ಕಾಯಿಲೆ ಎಂದಷ್ಟೇ ಹೇಳಿ ಕಳಿಸುವುದು ಸಾಲದು ಎನ್ನಲು ಇದಕ್ಕಿಂತ ಬಲವಾದ ಕಾರಣ ಬೇಕಿಲ್ಲ.

ಗುಳ್ಳೆಯೇಳುವ ಬಗೆಯೂ ಎರಡು ರೂಪಗಳಲ್ಲಿ ಬೇರೆ. ದುರ್ಬಲ ರೂಪದಲ್ಲಿ ಹುಟ್ಟುವಾಗಲೇ ಪ್ರತಿ ಜೀವಕೋಶದಲ್ಲೂ ಎರಡು ಪ್ರತಿಗಳೂ ಕೆಟ್ಟಿರುವುದರಿಂದ, ಮೂತ್ರವನ್ನು ಒಟ್ಟುಗೂಡಿಸುವ ನಾಳಗಳೆಲ್ಲ ಒಟ್ಟಿಗೇ ಹಿಗ್ಗುತ್ತವೆ. ಪ್ರಬಲ ರೂಪದಲ್ಲಿ ಒಂದು ಒಳ್ಳೆಯ ಪ್ರತಿ ಉಳಿದಿರುತ್ತದೆ; ಅದೂ ಯಾವುದೋ ಒಂದು ಕೋಶದಲ್ಲಿ ಕೆಟ್ಟಾಗ ಅಲ್ಲಿ ಗುಳ್ಳೆ ಏಳುತ್ತದೆ ಎಂಬ ವಿವರಣೆಗೆ 1996ರಲ್ಲಿ ಆಧಾರ ದೊರೆಯಿತು. ಅದಕ್ಕೇ ಇಲ್ಲಿ ಗುಳ್ಳೆಗಳು ಅಲ್ಲೊಂದು ಇಲ್ಲೊಂದಾಗಿ ಶುರುವಾಗಿ ದಶಕಗಳ ಕಾಲ ಬೆಳೆಯುತ್ತವೆ. ಯಕೃತ್ತಿನಲ್ಲಿಯೂ ಹೀಗೆಯೇ ವ್ಯತ್ಯಾಸ: ಪ್ರಬಲ ರೂಪದಲ್ಲಿ ಗುಳ್ಳೆಗಳೆದ್ದರೂ ಯಕೃತ್ತಿನ ಕೆಲಸ ಸಾಮಾನ್ಯವಾಗಿ ಕೆಡುವುದಿಲ್ಲ, ದುರ್ಬಲ ರೂಪದಲ್ಲಿ ಪಿತ್ತನಾಳಗಳ ಸುತ್ತ ನಾರು ಬೆಳೆದು ರಕ್ತದ ಹರಿವಿಗೇ ಅಡ್ಡಿಯಾಗುತ್ತದೆ. ಮಿದುಳಿನ ರಕ್ತನಾಳ ಉಬ್ಬುವ ಅಪಾಯವಾದರೋ ಮುಖ್ಯವಾಗಿ ಪ್ರಬಲ ರೂಪದವರದು, ಆ ಮನೆಯಲ್ಲಿ ಯಾರಿಗಾದರೂ ಹಾಗೆ ಆಗಿದ್ದರೆ ಇನ್ನೂ ಹೆಚ್ಚು.

ಇಷ್ಟು ಬೇರೆಯಾದವುಗಳು ಒಂದೆಡೆ ಸೇರುತ್ತವೆ ಎಂಬುದು ಗೊತ್ತಾದದ್ದು ಶತಮಾನದ ತಿರುವಿನಲ್ಲಿ. ಕಿಡ್ನಿಯ ನಾಳದ ಪ್ರತಿ ಕೋಶದ ಮೇಲೂ ಕೂದಲಿನಂಥ ಒಂದು ಸಣ್ಣ ಎಳೆ, ಸೀಲಿಯಾ, ಚಾಚಿಕೊಂಡಿರುತ್ತದೆ. ಈ ವಂಶವಾಹಿಗಳು ತಯಾರಿಸುವ ಪ್ರೋಟೀನುಗಳೆಲ್ಲ ಅಲ್ಲಿ ನೆಲೆಸಿರುವುದು ತಿಳಿದುಬಂತು. 2016ರಿಂದೀಚೆಗೆ ಗ್ಯಾನ್ಯಾಬ್, ಡಿಎನ್‌ಎಜೆಬಿ11, ಐಎಫ್‌ಟಿ140 ಮೊದಲಾದ ಇನ್ನಷ್ಟು ವಂಶವಾಹಿಗಳು ಪಟ್ಟಿಗೆ ಸೇರಿವೆ. ಇವುಗಳಲ್ಲಿ ಹಲವು ಪಿಕೆಡಿ1ಕ್ಕಿಂತ ಸೌಮ್ಯ.

ಗುಳ್ಳೆಯ ಬೆಳವಣಿಗೆಯನ್ನು ನಿಧಾನಿಸುವ ಟಾಲ್ವಾಪ್ಟಾನ್ ಮಾತ್ರೆಯ ದೊಡ್ಡ ಪ್ರಯೋಗದ ಫಲಿತಾಂಶ 2012ರಲ್ಲಿ ಬಂತು, ಅಮೆರಿಕ ಅದಕ್ಕೆ ಒಪ್ಪಿಗೆ ಕೊಟ್ಟದ್ದು 2018ರಲ್ಲಿ. ಪ್ರಬಲ ರೂಪದಲ್ಲಿ ಕಿಡ್ನಿ ಬೇಗ ಕೆಡುತ್ತಿರುವವರಿಗೆ ಮಾತ್ರ ಅದನ್ನು ಕೊಡುತ್ತಾರೆ. ಯಕೃತ್ತಿಗೆ ಹಾನಿಯಾಗಬಹುದಾದ್ದರಿಂದ ಮೇಲಿಂದ ಮೇಲೆ ರಕ್ತಪರೀಕ್ಷೆ ಬೇಕು. ಯಾರು ಬೇಗ ಕೆಡುವವರು ಎಂಬುದನ್ನು ಅಂದಾಜಿಸುವಾಗ ಕಿಡ್ನಿಯ ಗಾತ್ರದ ಜೊತೆಗೆ ವಂಶವಾಹಿಯ ದೋಷವನ್ನೂ ನೋಡುತ್ತಾರೆ.

ಆದರೆ ಹೋಲಿಕೆಯ ಬೆಲೆ ಎಲ್ಲಕ್ಕಿಂತ ಸ್ಪಷ್ಟವಾಗುವುದು ಕಿಡ್ನಿ ದಾನದ ಸಂದರ್ಭದಲ್ಲಿ. ಅಣ್ಣನಿಗೆ ಕಿಡ್ನಿ ಕೊಡಲು ಮುಂದೆ ಬಂದ ಇಪ್ಪತ್ತೈದರ ತಂಗಿಯ ಸ್ಕ್ಯಾನಿಂಗ್‌ನಲ್ಲಿ ಗುಳ್ಳೆ ಕಾಣದಿದ್ದರೆ ನಿಶ್ಚಿಂತೆಯಿಂದಿರಲಾಗದು. ಪಿಕೆಡಿ2 ಮನೆತನವಾಗಿದ್ದರೆ ಗುಳ್ಳೆಗಳು ತಡವಾಗಿ ಏಳುತ್ತವೆ. ನಲವತ್ತು ದಾಟಿದವರಲ್ಲಿ ಎರಡಕ್ಕಿಂತ ಕಡಿಮೆ ಗುಳ್ಳೆಗಳಿದ್ದರೆ ಕಾಯಿಲೆಯಿಲ್ಲವೆಂದು ಹೇಳಬಹುದು, ಇಪ್ಪತ್ತೈದರಲ್ಲಿ ಹಾಗೆ ಹೇಳಲಾಗದು. ಆದ್ದರಿಂದ ಮೊದಲು ಅಣ್ಣನ ರಕ್ತದಲ್ಲಿ ದೋಷ ಯಾವುದೆಂದು ಪತ್ತೆಮಾಡಿ, ಬಳಿಕ ತಂಗಿಯ ರಕ್ತದಲ್ಲಿ ಅದೊಂದನ್ನೇ ಹುಡುಕುತ್ತಾರೆ.