ಬಾತ್‌ಟಬ್‌ಗೆ ಹಚ್ಚಿದ ಬಣ್ಣ ಏಕೆ ಏಳುತ್ತದೆ?

ಟಬ್ಬಿನ ಹೊಳಪು ಹೋಯಿತೆಂದು ಬಣ್ಣ ತರುವ ಮುನ್ನ ಒಂದು ಆಯಸ್ಕಾಂತ ಹಿಡಿದು ನೋಡಿ. ಅಂಟಿಕೊಂಡರೆ ಅದು ಕಬ್ಬಿಣ ಅಥವಾ ಉಕ್ಕಿನ ಮೇಲಿನ ಎನಾಮೆಲ್, ಅಂದರೆ ಗಾಜಿನ ಲೇಪ. ಅಂಟದಿದ್ದರೆ ಹೆಚ್ಚಾಗಿ ಅಕ್ರಿಲಿಕ್, ಇಲ್ಲವೇ ಫೈಬರ್. ಅಕ್ರಿಲಿಕ್ ಹಾಳೆಯ ಬಣ್ಣ ಅದರ ದಪ್ಪದುದ್ದಕ್ಕೂ ಇರುವುದರಿಂದ ಸಣ್ಣ ಗೀರುಗಳಿಗೆ ಹೊಸ ಲೇಪ ಬೇಕಿಲ್ಲ. 800, 1500, 2000 ನಂಬರಿನ ವಾಟರ್ ಪೇಪರಿನಿಂದ ಕ್ರಮವಾಗಿ ಒದ್ದೆಯಲ್ಲೇ ಉಜ್ಜಿ, ಕಾರಿನ ರಬ್ಬಿಂಗ್ ಕಾಂಪೌಂಡ್‌ನಿಂದ ಪಾಲಿಶ್ ಮಾಡಿದರೆ ಸಾಕು.

ಬೋರ್‌ವೆಲ್ ನೀರಿನ ಮನೆಗಳಲ್ಲಿ ಸವೆತದಂತೆ ಕಾಣುವುದು ಎಷ್ಟೋ ಸಲ ಬರೀ ಸುಣ್ಣದ ಪದರ. ಲೀಟರ್ ಬಿಸಿನೀರಿಗೆ 50 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆ್ಯಸಿಡ್) ಕರಗಿಸಿ, ಬಟ್ಟೆ ಅದ್ದಿ ಹೊದಿಸಿ, ಐದು ನಿಮಿಷಕ್ಕೆ ತೊಳೆಯಿರಿ, ಬೇಕಾದರೆ ಮತ್ತೊಮ್ಮೆ. ಟಾಯ್ಲೆಟ್‌ಗೆ ಸುರಿಯುವ ಆ್ಯಸಿಡ್ ಮಾತ್ರ ಬೇಡ, ಅದು ಎನಾಮೆಲ್‌ನ ಹೊಳಪನ್ನೇ ತಿನ್ನುತ್ತದೆ.

ನಿಜಕ್ಕೂ ಸವೆದ ಎನಾಮೆಲ್‌ಗೆ ಎರಡು ಭಾಗದ ಎಪಾಕ್ಸಿ ಲೇಪ ಹಚ್ಚಬಹುದು. ರೆಸಿನ್ ಮತ್ತು ಅದನ್ನು ಗಟ್ಟಿಯಾಗಿಸುವ ಹಾರ್ಡನರ್, ಇವೇ ಆ ಎರಡು ಭಾಗ. ಅದು ಎದ್ದು ಬಂದರೆ ಎಲ್ಲರೂ ಬಣ್ಣವನ್ನೇ ಬೈಯುತ್ತಾರೆ. ಹೆಚ್ಚಿನ ಸಲ ತಪ್ಪಿರುವುದು ಅದರ ಕೆಳಗೆ. ಗೋಡೆಯ ಅಂಚಿನ ಸಂದು ಮುಚ್ಚಿರುವ ಹಳೆಯ ಸಿಲಿಕೋನ್ ಮೇಲೆ ಯಾವ ಬಣ್ಣವೂ ನಿಲ್ಲದು. ಅದನ್ನು ಮೊದಲೇ ಪೂರ್ತಿ ಕೆರೆದು ತೆಗೆಯಿರಿ. ಉಳಿಸಿಕೊಂಡು ಪೇಪರ್ ಹೊಡೆದರೆ ಅದರ ಜಿಡ್ಡು ಟಬ್ಬಿಗೆಲ್ಲ ಹರಡಿ, ಬಣ್ಣ ಗುಂಡುಗುಂಡಾಗಿ ಬಿಟ್ಟುಕೊಳ್ಳುತ್ತದೆ.

ಸೋಪಿನ ಜಿಡ್ಡು ತೊಳೆದ ಮೇಲೆ ನೀರು ಚಿಮುಕಿಸಿ. ಹಾಳೆಯಂತೆ ಹರಡಿದರೆ ಸರಿ. ಹನಿಯಾಗಿ ನಿಂತಲ್ಲಿ ಇನ್ನೂ ಜಿಡ್ಡಿದೆ. ಎನಾಮೆಲ್ ಅಂದರೆ ಗಾಜು. 220 ನಂಬರಿನ ಪೇಪರಿನಿಂದ ಉಜ್ಜಿ, ಟಾರ್ಚನ್ನು ಓರೆಯಾಗಿ ಬಿಟ್ಟು ನೋಡಿ. ಎಲ್ಲೂ ಹೊಳಪು ಉಳಿದಿರಬಾರದು. ಕಿತ್ತುಹೋದ ಕಡೆ ತುಕ್ಕು ಕೆರೆದು ಎಪಾಕ್ಸಿ ಪುಟ್ಟಿ ತುಂಬಿ. ತೊಟ್ಟಿಕ್ಕುವ ನಲ್ಲಿಯನ್ನು ಅಂದೇ ರಿಪೇರಿ ಮಾಡಿಸಿ. ಒಂದು ಹನಿ ಬಿದ್ದರೂ ಹಸಿ ಬಣ್ಣ ಕೆಡುತ್ತದೆ.

ಬಾತ್‌ರೂಮಿನಲ್ಲಿ ಗ್ಯಾಸ್ ಗೀಸರ್ ಇದ್ದರೆ ಅದನ್ನು ಆರಿಸಿ, ಸಿಲಿಂಡರ್ ರೆಗ್ಯುಲೇಟರನ್ನೂ ಮುಚ್ಚಿ. ಥಿನ್ನರ್ ಆವಿ ಹೊತ್ತಿಕೊಳ್ಳಲು ಗೀಸರಿನೊಳಗಿನ ಪುಟ್ಟ ಪೈಲಟ್ ಜ್ವಾಲೆಯೇ ಸಾಕು. ಕಿಟಕಿ ತೆರೆದಿರಲಿ, ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ (ಥಿನ್ನರಿನಂಥ ಆವಿ ಹೀರುವ ಡಬ್ಬಿ) ಇರುವ ಮಾಸ್ಕ್ ಹಾಕಿಕೊಳ್ಳಿ. ಬಟ್ಟೆಯ ಮಾಸ್ಕ್ ಆವಿ ತಡೆಯದು. ಹಳೆಯ ಲೇಪ ಕೀಳಲು ಮಿಥಿಲೀನ್ ಕ್ಲೋರೈಡ್ ಇರುವ ಸ್ಟ್ರಿಪ್ಪರ್ ಮುಟ್ಟಲೇಬೇಡಿ. ಅದರ ಆವಿ ಗಾಳಿಗಿಂತ ಭಾರ, ಟಬ್ಬಿನೊಳಗೇ ತುಂಬಿ ನಿಲ್ಲುತ್ತದೆ, ಬಗ್ಗಿ ಕೆಲಸ ಮಾಡುವವರು ಅದನ್ನೇ ಉಸಿರಾಡುತ್ತಾರೆ. ಅಮೆರಿಕದಲ್ಲಿ 2000ರಿಂದ 2011ರೊಳಗೆ ಟಬ್ ರಿಫಿನಿಶಿಂಗ್ ಮಾಡುತ್ತಿದ್ದ ಹತ್ತಕ್ಕೂ ಹೆಚ್ಚು ಜನ ಹೀಗೆ ಸತ್ತದ್ದು ದಾಖಲಾಗಿದೆ.

ರೆಸಿನ್ ಮತ್ತು ಹಾರ್ಡನರನ್ನು ಡಬ್ಬಿಯ ಮೇಲಿನ ಅನುಪಾತದಲ್ಲೇ ಅಳೆಯಿರಿ, ಅಂದಾಜು ನಡೆಯದು. ನಾಲ್ಕು ಇಂಚಿನ ಫೋಮ್ ರೋಲರ್‌ನಿಂದ ಎರಡು-ಮೂರು ತೆಳು ಕೋಟು ಹೊಡೆಯಿರಿ. ದಪ್ಪ ಕೋಟು ಕೆಳಗೆ ಜಾರಿ ಇಳಿಯುತ್ತದೆ. ಜಡಿಮಳೆಯಲ್ಲಿ ಈ ಕೆಲಸ ಬೇಡ, ತೇವಕ್ಕೆ ಎಪಾಕ್ಸಿ ಮೇಲೆ ಹಾಲಿನಂಥ ಮಂಕು ಕೂರುತ್ತದೆ. ಕನಿಷ್ಠ ಮೂರು ದಿನ ನೀರು ಬಿಡಬೇಡಿ, ಡಬ್ಬಿ ಹೆಚ್ಚು ಹೇಳಿದರೆ ಹೆಚ್ಚು.

ಪೂರ್ತಿ ಗಟ್ಟಿಯಾದ ಮೇಲೆ ಟಬ್ಬನ್ನು ನೀರು ತುಂಬಿಸಿಟ್ಟೇ ಅಂಚಿಗೆ ಹೊಸ ಸಿಲಿಕೋನ್ ಹಾಕಿ. ಭಾರಕ್ಕೆ ಟಬ್ ಇಳಿದು ಸಂದು ಅಗಲವಾಗುತ್ತದೆ. ಖಾಲಿ ಇದ್ದಾಗ ಹಾಕಿದರೆ ಮೊದಲ ಸ್ನಾನಕ್ಕೇ ಬಿರಿಯಬಹುದು. 24 ಗಂಟೆ ಬಿಟ್ಟು ನೀರು ಖಾಲಿ ಮಾಡಿ. ಆಮೇಲೆ ಸಕ್ಷನ್ ಕಪ್ ಇರುವ ಮ್ಯಾಟ್ ಹಾಸಬೇಡಿ, ಕಪ್ಪಿನ ಜೊತೆ ಲೇಪವೂ ಕಿತ್ತು ಬರುತ್ತದೆ. ತೊಳೆಯಲು ಪಾತ್ರೆಯ ಲಿಕ್ವಿಡ್ ಮತ್ತು ಮೆತ್ತನೆ ಸ್ಪಾಂಜ್ ಸಾಕು. ಪುಡಿ, ಸ್ಟೀಲ್ ನಾರು, ಬ್ಲೀಚ್ ಹತ್ತಿರವೂ ಬೇಡ.