ಚಳಿಗೆ ಕಿಟಕಿಯೆಲ್ಲ ಮುಚ್ಚಿಬಿಡಬಹುದಾ?

ಪ್ರಶ್ನೆ: ನಮ್ಮದು ಚಿತ್ರದುರ್ಗದ ಹೊರಗಡೆ ಆರ್‌ಸಿಸಿ ಮನೆ. ಸುತ್ತ ಇನ್ನೂ ಖಾಲಿ ಸೈಟುಗಳು. ನವೆಂಬರ್ ಬಂತೆಂದರೆ ಬೆಳಗಿನ ಜಾವ ಗಾಳಿ ಸುಯ್ಯಂತ ಒಳಗೆ ಬರುತ್ತದೆ. ಈ ಸಲ ಮಗಳು ಬಾಣಂತನಕ್ಕೆ ಬಂದಿದ್ದಾಳೆ. ಕಿಟಕಿ, ವೆಂಟಿಲೇಟರ್ ಎಲ್ಲಕ್ಕೂ ಪ್ಲಾಸ್ಟಿಕ್ ಹೊಡೆದು ಮುಚ್ಚಿಬಿಡೋಣ ಅಂತಾರೆ ನಮ್ಮ ಯಜಮಾನರು. ಮುಚ್ಚಬಹುದಾ?

ಉತ್ತರ: ಗಾಳಿ ನುಗ್ಗುವ ಸಂದುಗಳನ್ನು ಮುಚ್ಚಿ. ಬಚ್ಚಲುಮನೆ, ಅಡುಗೆಮನೆಯ ವೆಂಟಿಲೇಟರ್ ಮಾತ್ರ ಮುಟ್ಟಲೇಬೇಡಿ. ಬಾಣಂತಿ ಕೋಣೆಯಲ್ಲೂ ಮೇಲಿನ ಒಂದು ಕಿಂಡಿ ತೆರೆದೇ ಇರಲಿ.

ಮೊದಲು ಗಾಳಿಯ ವಿಷಯ. ಮುಂಗಾರಿನಲ್ಲಿ ನಮ್ಮ ಕಡೆ ಗಾಳಿ ಪಡುವಣದಿಂದ ಬೀಸುತ್ತದೆ. ಚಳಿಗಾಲದಲ್ಲಿ ತಿರುಗಿ ಮೂಡಣದಿಂದ, ಈಶಾನ್ಯದಿಂದ ಬರುತ್ತದೆ. ಹಾಗಾಗಿ ನಾಲ್ಕೂ ಕಡೆ ಮುಚ್ಚುವ ಕೆಲಸವೇ ಇಲ್ಲ. ಬೆಳಗ್ಗೆ ಐದಕ್ಕೆ ಎದ್ದು, ಫ್ಯಾನ್ ಆರಿಸಿ, ಒಂದು ಊದಿನಕಡ್ಡಿ ಹಚ್ಚಿ. ಮೂಡಣ ಮತ್ತು ಬಡಗಣ ಕಿಟಕಿಗಳ ಚೌಕಟ್ಟಿನ ಸುತ್ತ ನಿಧಾನವಾಗಿ ಹಿಡಿಯುತ್ತಾ ಬನ್ನಿ. ಹೊಗೆ ನೆಟ್ಟಗೆ ಏರಿದರೆ ಅಲ್ಲಿ ತೊಂದರೆ ಇಲ್ಲ. ತಟ್ಟನೆ ಒಳಮುಖವಾಗಿ ಬಾಗಿದರೆ ಅಲ್ಲೇ ಸಂದಿದೆ, ಚಾಕ್‌ಪೀಸಿನಿಂದ ಗುರುತು ಮಾಡಿ. ನಮ್ಮ ಮನೆಯಲ್ಲಿ ಕಿಟಕಿ ಬಾಗಿಲು ಸರಿಯಾಗೇ ಕೂತಿತ್ತು. ಚೌಕಟ್ಟಿಗೂ ಗೋಡೆಗೂ ನಡುವೆ ಪ್ಲಾಸ್ಟರ್ ಬಿಟ್ಟುಕೊಂಡು ಬೆರಳು ತೂರುವಷ್ಟು ಸೀಳಾಗಿತ್ತು. ಅಲ್ಲಿಗೆ ಸಿಮೆಂಟ್ ಮೆತ್ತಿಸಿದ ಮೇಲೆ ಅರ್ಧ ಚಳಿ ಕಡಿಮೆಯಾಯಿತು. ಸ್ಲೈಡಿಂಗ್ ಕಿಟಕಿಯಾದರೆ ಅಂಚಿಗೆ ಫೋಮ್ ಟೇಪ್ ಅಂಟಿಸಿ. ಬಾಗಿಲ ಅಡಿಗೆ ಹಳೇ ಸೀರೆ ಸುತ್ತಿ ಇಟ್ಟರೂ ಸಾಕು.

ಇನ್ನು ನನಗೆ ನಿಜವಾಗಿ ಭಯ ಇರುವ ವಿಷಯ.

ಚಳ್ಳಕೆರೆ ಕಡೆಯ ನಮ್ಮಜ್ಜಿ ಮನೆ ಮಣ್ಣಿನ ಮಾಳಿಗೆಯದು. ಮೇಲೆ ಕರಲು ಮಣ್ಣು ಹೊದಿಸಿದ್ದರು. ಮೊಳಕ್ಕಿಂತ ದಪ್ಪದ ಗೋಡೆ, ಕಿಟಕಿ ಕಡಿಮೆ, ನಡುಮನೆಯ ನೆತ್ತಿಗೆ ಒಂದು ಗವಾಕ್ಷಿ. ಬಾಣಂತಿ ಮಂಚದ ಕೆಳಗೆ ಅಜ್ಜಿ ಕೆಂಡದ ಬಾಂಡ್ಲಿ ಇಡುತ್ತಿದ್ದರು. ಮಳೆ ಬಂದಾಗ ಮಾತ್ರ ಗವಾಕ್ಷಿಗೆ ಮುಚ್ಚಳ. ಎಂಥ ಚಳಿಯಿದ್ದರೂ ಅದನ್ನು ತೆರೆದೇ ಇಡುತ್ತಿದ್ದರು. ಬೆಳಗ್ಗೆ ಅದರ ಬಿಸಿಲು ಕೋಲಿನ ಹಾಗೆ ಇಳಿಯುವಾಗ ಹೊಗೆ ಅದರೊಳಗೇ ಸುತ್ತಿ ಸುತ್ತಿ ಮೇಲೆ ಹೋಗುವುದನ್ನು ನಾವು ಮಕ್ಕಳು ನೋಡುತ್ತಾ ಕೂರುತ್ತಿದ್ದೆವು.

ಕೆಂಡ ಇಡುವ ಪದ್ಧತಿ ನಮ್ಮ ಆರ್‌ಸಿಸಿ ಮನೆಗಳಿಗೂ ಬಂತು, ಗವಾಕ್ಷಿ ಮಾತ್ರ ಬರಲಿಲ್ಲ. ಅದೇ ತೊಂದರೆ. ಇದ್ದಲು ಉರಿಯುವಾಗ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆ ಪೂರ್ತಿ ನಿಂತು ಕೆಂಡ ಕೆಂಪಗೆ ಹೊಳೆಯುವಾಗಲೂ ಅದು ಬರುತ್ತಲೇ ಇರುತ್ತದೆ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಇದು ಕೂತುಬಿಡುತ್ತದೆ, ಅದೂ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ. ನಿದ್ದೆಯಲ್ಲಿದ್ದವರಿಗೆ ಗೊತ್ತೇ ಆಗುವುದಿಲ್ಲ. ದಯವಿಟ್ಟು ಮುಚ್ಚಿದ ಕೋಣೆಯಲ್ಲಿ ಕೆಂಡ ಇಡಬೇಡಿ, ಒಂದು ರಾತ್ರಿಯೂ ಬೇಡ. ಸಾಂಬ್ರಾಣಿ ಹೊಗೆಯೂ ಕೂಸಿನ ಎಳೇ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಟೋಪಿ, ಕಾಲುಚೀಲ ಹಾಕಿ, ಎಚ್ಚರವಿರುವಾಗ ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಮಲಗಿಸಿ ಮೇಲೊಂದು ಹೊದಿಕೆ ಹೊದಿಸಿದರೆ ಕೂಸು ಬೆಚ್ಚಗಿರುತ್ತದೆ.

ಬಚ್ಚಲುಮನೆಯ ಗ್ಯಾಸ್ ಗೀಸರ್‌ಗೂ ಇದೇ ಮಾತು. ಬಾಣಂತಿ ನೀರು ಅಂದರೆ ಕೊಡಗಟ್ಟಲೆ ಬಿಸಿನೀರು, ಅಲ್ವಾ? ಗೀಸರ್ ಅಷ್ಟು ಹೊತ್ತು ಉರಿಯುತ್ತದೆ. ಬಾಗಿಲು ಹಾಕಿದ ಪುಟ್ಟ ಬಚ್ಚಲು, ಚಳಿಗೆ ಅಂತ ವೆಂಟಿಲೇಟರ್‌ಗೆ ಹೊಡೆದ ಪ್ಲಾಸ್ಟಿಕ್. ಒಳಗಿನ ಆಮ್ಲಜನಕ ಕಡಿಮೆಯಾದ ಹಾಗೆಲ್ಲ ಗ್ಯಾಸ್ ಸರಿಯಾಗಿ ಉರಿಯದೆ ಅದೇ ವಿಷಾನಿಲ ಜಾಸ್ತಿಯಾಗುತ್ತದೆ. ಗೀಸರನ್ನು ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ ಹಾಕಿಸಿ ಪೈಪಿನಲ್ಲಿ ನೀರು ಒಳಗೆ ತರುವುದೇ ಸರಿ. ಅಲ್ಲಿಯವರೆಗೆ ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಬಾಗಿಲು ಸ್ವಲ್ಪ ಹೊತ್ತು ತೆರೆದಿಟ್ಟು ಆಮೇಲೆ ಸ್ನಾನ ಮಾಡಿಸಿ. ಉರಿ ನೀಲಿ ಇರಬೇಕು. ಹಳದಿಗೆ ತಿರುಗಿದರೆ ರಿಪೇರಿಯವರನ್ನು ಕರೆಸುವವರೆಗೆ ಹಚ್ಚಬೇಡಿ. ಸ್ನಾನದಲ್ಲಿ ತಲೆನೋವು, ತಲೆಸುತ್ತು, ಹೊಟ್ಟೆ ತೊಳೆಸಿದಂತಾದರೆ ಬಾಣಂತಿ ನಿಶ್ಶಕ್ತಿ ಅಂತ ಸುಮ್ನೆ ಇರಬೇಡಿ. ಮೊದಲು ತಾಯಿ, ಮಗುವನ್ನು ಹೊರಗಿನ ಗಾಳಿಗೆ ತನ್ನಿ, 108ಕ್ಕೆ ಫೋನ್ ಮಾಡಿ.

ಹಗಲಿನ ಮಾತೇ ಬೇರೆ. ನಮ್ಮಲ್ಲಿ ಡಿಸೆಂಬರ್‌ನಲ್ಲೂ ಮಧ್ಯಾಹ್ನ 28 ಡಿಗ್ರಿ ಆಸುಪಾಸು ಇರುತ್ತದೆ. ಆಗ ಸೂರ್ಯ ನೆತ್ತಿಗೆ ಬರುವುದಿಲ್ಲ, ತೆಂಕಣಕ್ಕೆ ಸುಮಾರು 38 ಡಿಗ್ರಿ ವಾಲಿರುತ್ತಾನೆ. ಸಜ್ಜಾ ಇದ್ದರೂ ತೆಂಕಣ ಕಿಟಕಿಯ ಕೆಳಭಾಗದಿಂದ ಬಿಸಿಲು ಒಳಗೆ ಇಳಿಯುತ್ತದೆ. ಹನ್ನೊಂದರಿಂದ ಮೂರರವರೆಗೆ ಪರದೆ ಸರಿಸಿ ಆ ಕಿಟಕಿ ತೆರೆಯಿರಿ. ನೆಲ, ಗೋಡೆ ಕಾದಷ್ಟೂ ರಾತ್ರಿಗೆ ಒಳ್ಳೆಯದು. ಕೂಸಿನ ಬಟ್ಟೆಯನ್ನು ಕೋಣೆಯೊಳಗೆ ಹಗ್ಗ ಕಟ್ಟಿ ಒಣಗಿಸಬೇಡಿ, ಆ ತೇವವೆಲ್ಲ ತಣ್ಣನೆ ಗೋಡೆಗೆ ಕೂತು ಬೀರುವಿನ ಹಿಂದೆ ಬೂಷ್ಟು ಹಿಡಿಯುತ್ತದೆ. ಮಾಳಿಗೆ ಮೇಲೆ ಬಿಸಿಲಿಗೆ ಹಾಕಿ, ಸಂಜೆ ಐದರೊಳಗೆ ತೆಗೆದುಬಿಡಿ.