ಐ ಇರುವ ಅಪವರ್ತನಗಳ ಗುಣಾಕಾರ: ತಕರಾರೆಲ್ಲ ಮೈನಸ್‌ದು

ಮೂಲಗಳು (ಅಂದರೆ ಬಹುಪದೋಕ್ತಿಯನ್ನು ಸೊನ್ನೆ ಮಾಡುವ ಎಕ್ಸ್ ಬೆಲೆಗಳು) 3, 2 + ಐ, 2 − ಐ; ಇಲ್ಲಿ ಐ ಅಂದರೆ √−1. ಬಹುಪದೋಕ್ತಿ ಬರೆಯಿರಿ. ಪಿಯುಸಿಯವರಿಗೆ ಗೊತ್ತಿರುವ ಲೆಕ್ಕವೇ. ಎಕ್ಸ್‌ನಿಂದ ಒಂದೊಂದೇ ಮೂಲ ಕಳೆದರೆ ಅಪವರ್ತನ ಸಿಕ್ಕಿತು, ಅಲ್ವಾ? ತಲೆ ಕೆಡುವುದು ಗುಣಿಸಲು ಕೂತಾಗ.

(ಎಕ್ಸ್ − 3) ಸದ್ಯಕ್ಕೆ ಪಕ್ಕಕ್ಕಿರಲಿ. ಐ ಇರುವ ಎರಡನ್ನು ಮೊದಲು ಮುಗಿಸಿ:

(ಎಕ್ಸ್ − (2 + ಐ)) (ಎಕ್ಸ್ − (2 − ಐ))

ಒಳಗಿನ ಆವರಣ ಬಿಡಿಸಿದರೆ (ಎಕ್ಸ್ − 2 − ಐ)(ಎಕ್ಸ್ − 2 + ಐ). ಹೊರಗಿನ ಮೈನಸ್ 2ಕ್ಕೂ ತಗಲಬೇಕು, ಐಗೂ ತಗಲಬೇಕು.

ಹೀಗೇ ಗುಣಿಸಿದರೆ ಒಂಬತ್ತು ಪದ ಬರುತ್ತವೆ. ಸುಮ್ನೆ ಯಾಕೆ? ಎಕ್ಸ್ − 2 ಎರಡರಲ್ಲೂ ಇದೆ, ಅದನ್ನು ಒಂದೇ ಗಂಟು ಅಂತ ಹಿಡಿದುಕೊಳ್ಳಿ. ಆಗ ಇದು ಹೈಸ್ಕೂಲಿನ (ಎ − ಬಿ)(ಎ + ಬಿ) = ಎ² − ಬಿ² ಆಗುತ್ತದೆ:

(ಎಕ್ಸ್ − 2)² − ಐ²

ಇಲ್ಲಿ ನಿಧಾನ. ಐ² ಅಂದರೆ −1. ಅದರ ಮುಂದೆ ಇನ್ನೊಂದು ಮೈನಸ್ ಮೊದಲೇ ನಿಂತಿದೆ. ಮುಂದಿನದು ಸೂತ್ರದ ಮೈನಸ್, ಇನ್ನೊಂದು ಐ² ತಂದದ್ದು. ಎರಡೂ ಬೇರೆ ಬೇರೆ, ಒಂದು ಬರೆದ ಮಾತ್ರಕ್ಕೆ ಇನ್ನೊಂದರ ಲೆಕ್ಕ ಮುಗಿಯಲಿಲ್ಲ. ಹಾಗಾಗಿ − (−1) ಅಂತ ಆವರಣ ಹಾಕಿ ಒಂದು ಸಾಲು ಜಾಸ್ತಿ ಬರೆಯಿರಿ, ಮನಸ್ಸಲ್ಲೇ ಮಾಡಬೇಡಿ. ಬರುವುದು +1. ಬಿಡಿಸಿದರೆ ಎಕ್ಸ್² − 4ಎಕ್ಸ್ + 5.

ಆ +1ರ ಬದಲು −1 ಹಾಕಿದರೆ ಏನಾಗುತ್ತದೆ ನೋಡಿ. ಎಕ್ಸ್² − 4ಎಕ್ಸ್ + 3 ಬರುತ್ತದೆ, ಅದರ ಮೂಲಗಳು 1 ಮತ್ತು 3. ಐ ಮಂಗಮಾಯ! ಉತ್ತರ ಸರಿಯಿದೆಯಾ ಅಂತ ನೋಡಲು ಇದೇ ಒಳ್ಳೆಯ ದಾರಿ: ಬಂದ ವರ್ಗ ಬಹುಪದೋಕ್ತಿಗೆ ವಾಸ್ತವ ಮೂಲ (ಐ ಇಲ್ಲದ್ದು) ಸಿಕ್ಕಿದರೆ ಎಲ್ಲೋ ಚಿಹ್ನೆ ಕೈಕೊಟ್ಟಿದೆ.

ಐ ಜೊತೆ ಅಂಕಿ ಇದ್ದರೆ ವರ್ಗ ಅದಕ್ಕೂ ಸೇರುತ್ತದೆ. (3ಐ)² ಅಂದರೆ −9, −3 ಅಲ್ಲ.

ಪಕ್ಕಕ್ಕಿಟ್ಟ (ಎಕ್ಸ್ − 3) ಈಗ ಗುಣಿಸಿದರೆ ಎಕ್ಸ್³ − 7ಎಕ್ಸ್² + 17ಎಕ್ಸ್ − 15.

ಇದೆಲ್ಲ ಗೊತ್ತಾದ ಮೇಲೆ ನನಗೆ ತುಂಬಾ ಇಷ್ಟವಾದ ಅಡ್ಡದಾರಿ ಇದೆ. ಮೂಲಗಳು ಎ ± ಬಿಐ ಆದರೆ ಮೊತ್ತ 2ಎ, ಗುಣಲಬ್ಧ ಎ² + ಬಿ². ಬರೆಯಬೇಕಾದ್ದು ಎಕ್ಸ್² − (ಮೊತ್ತ)ಎಕ್ಸ್ + ಗುಣಲಬ್ಧ, ಅಷ್ಟೇ. 4 ± 3ಐ ಕೊಟ್ಟರೆ ಮೊತ್ತ 8, ಗುಣಲಬ್ಧ 16 + 9 = 25, ಉತ್ತರ ಎಕ್ಸ್² − 8ಎಕ್ಸ್ + 25. ಮಂಡ್ಯದಿಂದ ಮೈಸೂರಿಗೆ ರೈಲಲ್ಲಿ ಓಡಾಡುವವರು ಪಾಂಡವಪುರ ಬಿಟ್ಟು ಶ್ರೀರಂಗಪಟ್ಟಣ ಬರುವಷ್ಟರಲ್ಲಿ ಪೆನ್ನಿಲ್ಲದೆ ನಾಲ್ಕೈದು ಮಾಡಬಹುದು. 1545ರಲ್ಲಿ ಇಟಲಿಯ ಗಣಿತಜ್ಞ ಕಾರ್ಡಾನೋ 10ನ್ನು ಎರಡು ಭಾಗ ಮಾಡಿ ಗುಣಲಬ್ಧ 40 ಬರಬೇಕು ಎಂಬ ಲೆಕ್ಕ ಹಾಕಿದ್ದ. ಅದರ ಉತ್ತರ 5 ± √−15. ಗುಣಿಸಿ ನೋಡಿ: 25 + 15, ಸರಿಯಾಗಿ 40.

ಈ ಅಡ್ಡದಾರಿ ಸಂಯುಗ್ಮಿ ಜೋಡಿಗೆ, ಅಂದರೆ ಎ + ಬಿಐ, ಎ − ಬಿಐ ಥರದ ಜೋಡಿಗೆ ಮಾತ್ರ. (ಎಕ್ಸ್ − ಐ)(ಎಕ್ಸ್ − 2ಐ) ಗುಣಿಸಿದರೆ ಎಕ್ಸ್² − 3ಐಎಕ್ಸ್ − 2, ಐ ಹೋಗುವುದೇ ಇಲ್ಲ. ಅದು ತಪ್ಪೇನಲ್ಲ. ಆದರೆ ಪ್ರಶ್ನೆಯಲ್ಲಿ 'ಸಹಗುಣಕಗಳು ವಾಸ್ತವ' (ಎಕ್ಸ್‌ಗಳ ಜೊತೆಗಿನ ಅಂಕಿಗಳಲ್ಲಿ ಐ ಇರಬಾರದು) ಅಂತ ಇದ್ದರೆ −ಐ, −2ಐ ಎರಡನ್ನೂ ನಾವೇ ಸೇರಿಸಬೇಕು, ಆಗ (ಎಕ್ಸ್² + 1)(ಎಕ್ಸ್² + 4), ಅಂದರೆ ಎಕ್ಸ್⁴ + 5ಎಕ್ಸ್² + 4.